ಪೌತಿ ಖಾತೆಗೆ ಲಂಚ ಕೇಳುತ್ತಿದ್ದಾರೆ: ಈಗಿನ ಕಾನೂನಿನಲ್ಲಿ ಯಾವ ದಾರಿ?

ಪ್ರಶ್ನೆ, ಹಾಸನ ಜಿಲ್ಲೆಯಿಂದ

ತಂದೆಯವರು ತೀರಿಕೊಂಡ ಮೇಲೆ ಜಮೀನು ನಮ್ಮ ಹೆಸರಿಗೆ ಬರಲೆಂದು ಪೌತಿ ಖಾತೆಗೆ ಅರ್ಜಿ ಹಾಕಿದ್ದೇವೆ. ಕಡತ ಮುಂದೆ ಹೋಗಬೇಕಾದರೆ ಹಣ ಕೊಡಿ ಎಂದು ಕಚೇರಿಯಲ್ಲಿ ಒಬ್ಬರು ಬಾಯಿಬಿಟ್ಟೇ ಕೇಳಿದ್ದಾರೆ. ಇನ್ನೂ ಕೊಟ್ಟಿಲ್ಲ. ಲೋಕಾಯುಕ್ತರಿಗೆ ಒಂದು ಪತ್ರ ಬರೆದರೆ ಅವರೇ ಕಚೇರಿಗೆ ಬಂದು ವಿಚಾರಿಸುತ್ತಾರೆ ಎನ್ನುತ್ತಾರೆ ನಮ್ಮ ಮಾವ. ಎಸಿಬಿಗೆ (ಭ್ರಷ್ಟಾಚಾರ ನಿಗ್ರಹ ದಳಕ್ಕೆ) ಹೋಗು ಎನ್ನುತ್ತಾನೆ ಗೆಳೆಯ. ಕೊಟ್ಟವನೂ ಜೈಲಿಗೆ ಹೋಗುತ್ತಾನೆ, ಸುಮ್ಮನಿರು ಎನ್ನುತ್ತಾನೆ ಅಣ್ಣ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ನಿವೃತ್ತ ಶಿರಸ್ತೇದಾರರು

ಮೂವರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರು ಒಂದೊಂದು ಕಾಲದ ಮಾತು ಹೇಳಿದ್ದಾರೆ, ಅಷ್ಟೇ. ಆ ಎಲ್ಲ ಕಾಲವನ್ನೂ ಕಚೇರಿಯ ಒಳಗಿನಿಂದ ನೋಡಿದವನು ನಾನು.

ಮಾವ ನೆನೆಯುತ್ತಿರುವುದು 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರನ್ನು. ಹೇಳದೆ ಕೇಳದೆ ಕಚೇರಿ, ಆಸ್ಪತ್ರೆಗಳಿಗೆ ಬಂದು ನಿಲ್ಲುತ್ತಿದ್ದರು. ಬರುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಎಷ್ಟೋ ಕಾಲದಿಂದ ಮೂಲೆ ಸೇರಿದ್ದ ಕಡತಗಳಿಗೆ ಸಹಿ ಬೀಳುತ್ತಿತ್ತು. ಆದರೆ 1984ರ ಕಾಯ್ದೆ ಲೋಕಾಯುಕ್ತರಿಗೆ ಕೊಟ್ಟದ್ದು ವಿಚಾರಣೆ ನಡೆಸಿ ಸರ್ಕಾರಕ್ಕೆ ಶಿಫಾರಸು ಮಾಡುವ ಅಧಿಕಾರವನ್ನು ಮಾತ್ರ. ಶಿಕ್ಷೆ ವಿಧಿಸುವ ಅಧಿಕಾರವನ್ನಲ್ಲ. ಆ ಭಯ ಆ ವ್ಯಕ್ತಿಯಿಂದ ಹುಟ್ಟಿತ್ತು, ಅವರೊಂದಿಗೇ ಹೋಯಿತು.

ನಂತರ ಬಂದ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಾಗ ಮುಖ್ಯಮಂತ್ರಿ ಯಡಿಯೂರಪ್ಪನವರೇ ರಾಜೀನಾಮೆ ನೀಡಬೇಕಾಯಿತು. ಅಂಥ ಸಂಸ್ಥೆಯ ಪೊಲೀಸರಿಂದ 2016ರ ಮಾರ್ಚ್‌ನಲ್ಲಿ ಲಂಚ ಪ್ರಕರಣ ದಾಖಲಿಸುವ ಅಧಿಕಾರವನ್ನು ಕಿತ್ತು, ಸರ್ಕಾರದ ಅಧೀನದಲ್ಲಿದ್ದ ಎಸಿಬಿಗೆ ಕೊಟ್ಟರು. ನನಗೆ ಇದು ಈಗಲೂ ಸಹಿಸಲಾಗದ ಸಂಗತಿ. ಆಡಳಿತದ ತಪ್ಪು ಹುಡುಕುವವರು ಆಡಳಿತಕ್ಕೇ ತಲೆಬಾಗಿ ನಿಲ್ಲಬೇಕು ಎಂದರೆ ಹುಡುಕುವುದೇನು? ಕೊನೆಗೆ 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿ ರಚನೆಯ ಆದೇಶವನ್ನೇ ರದ್ದುಪಡಿಸಿತು. ಈಗ ನೀವು ಹೋಗಬೇಕಾದದ್ದು ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಗೆ.

ವಕೀಲರೊಬ್ಬರು

ಅಣ್ಣನ ಮಾತನ್ನು ತಳ್ಳಿಹಾಕಬೇಡಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 24ನೇ ಕಲಮಿನಲ್ಲಿ, ಲಂಚ ಕೊಟ್ಟವನು ವಿಚಾರಣೆಯಲ್ಲಿ ನೀಡಿದ ಹೇಳಿಕೆಯನ್ನೇ ಹಿಡಿದು ಅವನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. 2018ರ ತಿದ್ದುಪಡಿ ಆ ಕಲಮನ್ನು ತೆಗೆದುಹಾಕಿತು. ಈಗ 8ನೇ ಕಲಮಿನಂತೆ ಕೊಡುವುದೂ ಅಪರಾಧ; ಏಳು ವರ್ಷದವರೆಗೆ ಜೈಲು ಆಗಬಹುದು. ಬಲವಂತಕ್ಕೆ ಸಿಕ್ಕಿ ಕೊಟ್ಟವರಿಗೆ ವಿನಾಯಿತಿ ಇದೆ, ಆದರೆ ಕೊಟ್ಟ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿರಬೇಕು. ಊರಿಂದ ಜಿಲ್ಲಾ ಕೇಂದ್ರಕ್ಕೆ ಬಂದು, ಧೈರ್ಯ ತಂದುಕೊಂಡು, ಬರೆದು ಕೊಡುವಷ್ಟರಲ್ಲಿ ಏಳು ದಿನ ಕಳೆದೇ ಹೋಗುತ್ತದೆ. ಬಡವನ ಕಷ್ಟ ಬಲ್ಲವರು ಇಂಥ ಗಡುವು ಇಡುತ್ತಿರಲಿಲ್ಲ.

ನೀವು ಇನ್ನೂ ಕೊಟ್ಟಿಲ್ಲ, ಅದೇ ನಿಮ್ಮ ಬಲ. ಮೊದಲೇ ಪೊಲೀಸರಿಗೆ ತಿಳಿಸಿ, ಅವರಿಗೆ ನೆರವಾಗಲೆಂದು ಹಣ ಕೊಟ್ಟರೆ ಈ ಕಲಂ ನಿಮ್ಮನ್ನು ಮುಟ್ಟುವುದಿಲ್ಲ. ಅದೇ ತಿದ್ದುಪಡಿ ತಂದ 17ಎ ಕಲಮಿನ ಹೆಸರು ಹೇಳಿ ಯಾರಾದರೂ ಹೆದರಿಸಬಹುದು. ಅಧಿಕಾರಿಯ ಆಡಳಿತಾತ್ಮಕ ನಿರ್ಧಾರದ ಬಗ್ಗೆ ತನಿಖೆ ನಡೆಸಲು ಪೂರ್ವಾನುಮತಿ ಬೇಕು ಎನ್ನುತ್ತದೆ ಅದು. ಲಂಚ ಪಡೆಯುವಾಗ ಸ್ಥಳದಲ್ಲೇ ಹಿಡಿಯುವುದಕ್ಕೆ ಆ ಅನುಮತಿ ಬೇಕಾಗಿಲ್ಲ.

ದಾವಣಗೆರೆಯ ಗೃಹಿಣಿ

ನಾನು ಟ್ರ್ಯಾಪ್ ಮಾಡಿಸಿದವಳು, ಅಂದರೆ ಲಂಚ ಪಡೆಯುವಾಗಲೇ ಹಿಡಿಸಿದವಳು. ಆಗ ಎಸಿಬಿ ಇತ್ತು. ದೂರು ಬರೆದುಕೊಟ್ಟ ಮೇಲೆ ನಾನು ತಂದಿದ್ದ ನೋಟುಗಳ ಸಂಖ್ಯೆಗಳನ್ನು ಒಂದೊಂದಾಗಿ ಬರೆದುಕೊಂಡು, ಫಿನಾಫ್ತಲೀನ್ ಪುಡಿ ಸವರಿದರು. ಬೇರೆ ಇಲಾಖೆಯ ಇಬ್ಬರು ನೌಕರರು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಪಕ್ಕದಲ್ಲೇ ಇದ್ದರು. ಅಧಿಕಾರಿ ನನಗೆ ಮತ್ತೆ ಮತ್ತೆ ಹೇಳಿದ್ದು ಒಂದೇ: “ಅವರು ಬಾಯಿಬಿಟ್ಟು ಕೇಳುವವರೆಗೂ ಹಣ ತೆಗೆಯಬೇಡಿ ಅಮ್ಮ.” ಕೇಳಿದ್ದು ಸಾಬೀತಾಗದಿದ್ದರೆ ನೋಟು ಸಿಕ್ಕರೂ ಪ್ರಕರಣ ನಿಲ್ಲುವುದಿಲ್ಲವಂತೆ. ಅವರು ಕೇಳಿದರು, ಕೊಟ್ಟೆ, ಸನ್ನೆ ಮಾಡಿದೆ. ಆ ಮನುಷ್ಯನ ಬೆರಳುಗಳನ್ನು ಗಾಜಿನ ಲೋಟದ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಕಚೇರಿ ಪೂರ್ತಿ ನಿಶ್ಶಬ್ದವಾಯಿತು.

ಕಷ್ಟ ಶುರುವಾದದ್ದು ಆಮೇಲೆ. 2022ರಲ್ಲಿ ಎಸಿಬಿ ರದ್ದಾಯಿತೆಂದು ಟಿವಿಯಲ್ಲಿ ಬಂದಾಗ ನನ್ನ ಎದೆ ಧಸಕ್ಕೆಂದಿತು. ನನ್ನ ದೂರಿನ ಗತಿ ಏನು? ಬಾಕಿ ಇದ್ದ ಪ್ರಕರಣಗಳೆಲ್ಲ ಲೋಕಾಯುಕ್ತ ಪೊಲೀಸರಿಗೆ ವರ್ಗವಾದವು, ನನ್ನದೂ ಹಾಗೆಯೇ ಮುಂದುವರಿಯಿತು. ನಡುವೆ ರಾಜಿಗೆ ಬಂದವರಿದ್ದಾರೆ, ನೆಂಟರಿಂದ ಹೇಳಿಸಿದವರಿದ್ದಾರೆ. ಸಾಕ್ಷಿ ಹೇಳುವ ದಿನ ಪಾಟೀಸವಾಲಿನಲ್ಲಿ ನನ್ನನ್ನೇ ಕಳ್ಳಿಯಂತೆ ಕೇಳಿದರು. ದೂರು ಕೊಟ್ಟ ದಿನ ಹೇಳಿದ್ದನ್ನೇ ಅಂದೂ ಹೇಳಿದೆ. ನೀವು ಹೋಗುವುದಾದರೆ ಮನೆಯವರೆಲ್ಲರೂ ಕೂತು ಮಾತಾಡಿ ಹೋಗಿ. ಆಮೇಲೆ ಹಿಂದೆ ಸರಿಯಬೇಡಿ.

ಅದೇ ವಕೀಲರು

ಈ ತಾಯಿಯ ಮಾತಿಗೆ ಒಂದು ಸೇರಿಸುತ್ತೇನೆ. ದೂರುದಾರರು ತಿರುಗಿ ಬಿದ್ದರೆ ಆರೋಪಿ ಪಾರಾದ ಎಂದೇ ಮೊದಲೆಲ್ಲ ಲೆಕ್ಕ ಹಾಕುತ್ತಿದ್ದರು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ದೂರುದಾರರು ಮೃತಪಟ್ಟಿದ್ದರೂ ಪ್ರತಿಕೂಲ ಸಾಕ್ಷಿಯಾದರೂ ಇತರ ಸಾಕ್ಷ್ಯ ಮತ್ತು ಸಾಂದರ್ಭಿಕ ಸಾಕ್ಷ್ಯದಿಂದ ಲಂಚದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದು ತೀರ್ಪಿತ್ತಿತು. ಈ ಮಾತು ಹರಡಿದಷ್ಟೂ ದೂರುದಾರರ ಮೇಲಿನ ಒತ್ತಡ ತಗ್ಗುತ್ತದೆ.

ತುಮಕೂರಿನ ಕೃಷಿಕರು

ನಮ್ಮದೂ ಪೌತಿ ಖಾತೆಯೇ. ಲಂಚ ಕೊಡಲಿಲ್ಲ, ಟ್ರ್ಯಾಪಿಗೂ ಹೋಗಲಿಲ್ಲ. ಅರ್ಜಿಯ ಸ್ವೀಕೃತಿಯಲ್ಲಿ ಸಕಾಲ ಸಂಖ್ಯೆ ಇತ್ತು. 2012ರ ಏಪ್ರಿಲ್‌ನಿಂದ ಇಡೀ ರಾಜ್ಯದಲ್ಲಿರುವ ವ್ಯವಸ್ಥೆ ಇದು: ಅರ್ಜಿಗೆ ಇಷ್ಟು ದಿನವೆಂಬ ಗಡುವು ಇರುತ್ತದೆ, ಅದು ಮೀರಿದರೆ ಮೇಲ್ಮನವಿ ಹಾಕಬಹುದು, ತಡಮಾಡಿದ ನೌಕರರಿಂದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ನಿಜ. ಆದರೆ ತಡವಾದದ್ದು ದಾಖಲೆಗೆ ಬರುತ್ತದೆ, ಅದಕ್ಕೆ ಅವರು ಹೆದರುತ್ತಾರೆ. ಜೊತೆಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನನ್ನ ಕಡತ ಯಾವ ದಿನ ಯಾರ ಮೇಜಿನಲ್ಲಿತ್ತು ಎಂದಷ್ಟೇ ಕೇಳಿದೆ. 30 ದಿನದೊಳಗೆ ಉತ್ತರಿಸಬೇಕಾದ ಪ್ರಶ್ನೆ ಅದು. ಉತ್ತರಕ್ಕೆ ಮೊದಲೇ ಖಾತೆಯಾಯಿತು.

ಒಂದು ಎಚ್ಚರಿಕೆ. ಲೋಕಾಯುಕ್ತ ಠಾಣೆಗೆ ಹೋಗುವ ಮನಸ್ಸಿದ್ದರೆ ಮೊದಲು ಅಲ್ಲಿಗೇ ಹೋಗಿ. ಮಾಹಿತಿ ಹಕ್ಕಿನ ಅರ್ಜಿ ಕಂಡೊಡನೆ ಹಣ ಕೇಳಿದವರು ಹುಷಾರಾಗುತ್ತಾರೆ. ಆಮೇಲೆ ನೀವು ಎಷ್ಟು ಸಲ ಹೋದರೂ ಅವರು ಬಾಯಿ ಬಿಡುವುದಿಲ್ಲ.