ಸ್ಟಾಕ್ ಫೈಲು ದಿನಾ ಲಾಕ್ ಆಗುತ್ತಿದೆ, ಅನುಭವ ಇದ್ದವರು ಹೇಳಿ

ಶಿರಸಿ, ಅಡಿಕೆ ಅಂಗಡಿ:
ನಮ್ಮದು ದಲಾಲಿ ಅಂಗಡಿ. ಆರು ಕಂಪ್ಯೂಟರ್. ಯಜಮಾನರ ಕೋಣೆಯ ವಿಂಡೋಸ್ ಮಷೀನೇ ಸರ್ವರ್. ಅದರ ಶೇರ್ ಫೋಲ್ಡರಿನಲ್ಲಿ ಸ್ಟಾಕಿನ ಎಕ್ಸೆಲ್ ಫೈಲಿದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಅಡಿಕೆಯ ಒಂದೊಂದು ಬಗೆಗೂ ಒಂದು ಶೀಟು. ಟೆಂಡರ್ ಮುಗಿದು ತೂಕ ಬರೆಯಲು ಕೂತರೆ ‘ಬೇರೆಯವರು ತೆರೆದಿದ್ದಾರೆ, ಓದಲು ಮಾತ್ರ’ ಎಂದು ಬರುತ್ತದೆ. ತೋರಿಸುವುದು ಊಟಕ್ಕೆ ಹೋದ ಹುಡುಗನ ಹೆಸರು. ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ದಿನಕ್ಕೆ ಎರಡು ಸಲ ಅದನ್ನೇ ಮಾಡುತ್ತಾ ಕೂರಲಾಗುತ್ತಾ? ಬೇರೆ ಸರ್ವರ್ ತರಬೇಕಾ?

ಕಾರವಾರ, ಲೆಕ್ಕಪತ್ರ ಕಚೇರಿ:
ತರಬೇಡಿ. ಈ ಲಾಕಿನ ಹಿಂದೆ ನಾನು ಒಂದು ವರ್ಷ ಕಳೆದಿದ್ದೇನೆ. 20ನೇ ತಾರೀಖು ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸಲು ಕೊನೆ ದಿನ, ನಮ್ಮ ಫೈಲು ಸರಿಯಾಗಿ 19ಕ್ಕೇ ಸಿಕ್ಕಿಕೊಳ್ಳುತ್ತಿತ್ತು. ರಿಪೇರಿಯವನು ಐದು ಸಲ ಬಂದ, ಸಲಕ್ಕೆ 800. ವಿಂಡೋಸ್ ಹೊಸದಾಗಿ ಹಾಕಿದ, 1,500. ಆಂಟಿವೈರಸ್ ಬದಲಿಸಿದ, 2,200. ಒಟ್ಟು 7,700 ರೂಪಾಯಿ ಹೋಯಿತು, ಲಾಕ್ ಹೋಗಲಿಲ್ಲ.

ಕೊನೆಗೆ ಒಂದು ರಾತ್ರಿ ಎಂಟು ಗಂಟೆಗೆ ನಾನೇ ಸರ್ವರ್ ಮುಂದೆ ಕೂತೆ. ಕಂಪ್ಯೂಟರ್ ಮ್ಯಾನೇಜ್‌ಮೆಂಟ್, ಅದರಲ್ಲಿ ಶೇರ್ಡ್ ಫೋಲ್ಡರ್ಸ್, ಅದರಲ್ಲಿ ಓಪನ್ ಫೈಲ್ಸ್. ಎಲ್ಲರೂ ಮನೆಗೆ ಹೋಗಿಯಾಗಿದೆ, ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಉಳಿದಿದೆ. ಎದ್ದು ಹೋಗಿ ನೋಡಿದರೆ ಮುಂದಿನ ಮೇಜಿನ ಮಷೀನು. ಎಕ್ಸೆಲ್ ತೆರೆದೇ ಇಲ್ಲ! ಫೋಲ್ಡರ್ ಒಂದು ತೆರೆದಿದೆ, ಬಲಗಡೆ ಪ್ರಿವ್ಯೂ ಪೇನ್ ಇದೆ. ಯಾರೋ ಫೈಲಿನ ಮೇಲೆ ಒಂದು ಸಲ ಕ್ಲಿಕ್ ಮಾಡಿ ಹಾಗೇ ಎದ್ದು ಹೋಗಿದ್ದಾರೆ, ಪ್ರಿವ್ಯೂ ಅದನ್ನು ಹಿಡಿದು ಕೂತಿದೆ. ಆಲ್ಟ್ ಮತ್ತು ಪಿ ಒಟ್ಟಿಗೆ ಒತ್ತಿದೆ. ಪೇನ್ ಮುಚ್ಚಿತು. ವಾಪಸ್ ಬಂದು ರಿಫ್ರೆಶ್ ಮಾಡಿದರೆ ಸಾಲು ಇಲ್ಲ.

ತೋರಿಸುವ ಹೆಸರನ್ನೂ ನಂಬಬೇಡಿ. ಎಕ್ಸೆಲ್ ಆಪ್ಷನ್ಸ್‌ನಲ್ಲಿ ಯಾವ ಹೆಸರು ಬರೆದಿದೆಯೋ ಅದನ್ನೇ ತೋರಿಸುತ್ತದೆ. ನಮ್ಮ ನಾಲ್ಕೂ ಮಷೀನಿಗೆ ಒಂದೇ ಹುಡುಗಿಯ ಹೆಸರು ಕೊಟ್ಟಿದ್ದರು. ಪಾಪ, ಎಷ್ಟು ದಿನ ಸುಮ್ನೆ ಬೈಸಿಕೊಂಡಳು. ಈಗ ಸಿಕ್ಕಿಕೊಂಡರೆ ಓಪನ್ ಫೈಲ್ಸ್‌ಗೆ ಹೋಗಿ ರೈಟ್ ಕ್ಲಿಕ್, ಕ್ಲೋಸ್. ಅಷ್ಟೇ.

ಹೊನ್ನಾವರ, ಮೀನು ವ್ಯಾಪಾರ:
ಮೇಡಂ, ‘ಕ್ಲೋಸ್, ಅಷ್ಟೇ’ ಎಂದು ದಯವಿಟ್ಟು ಬರೆಯಬೇಡಿ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟ್ ಇಳಿದ ಮೊದಲ ವಾರ. ಡೀಸೆಲ್, ಮಂಜುಗಡ್ಡೆ, ಮೀನಿನ ತೂಕ ಎಲ್ಲಾ ಒಂದೇ ಫೈಲು. ಹುಡುಗ ಚಹಾಕ್ಕೆ ಹೋಗಿದ್ದ. 140 ಸಾಲು ಸೇವ್ ಆಗಿರಲಿಲ್ಲ. ನಾನು ಸರ್ವರಿನಿಂದ ಕ್ಲೋಸ್ ಕೊಟ್ಟೆ, ಫೈಲು ತೆರೆದು ನನ್ನದು ಬರೆದೆ. ಅವನು ಬಂದು ಸೇವ್ ಕೊಟ್ಟರೆ ಆಗಲಿಲ್ಲ, ಬೇರೆ ಹೆಸರಿನಲ್ಲಿ ಉಳಿಸಿದ. ಒಂದೇ ಲೆಕ್ಕಕ್ಕೆ ಎರಡು ಫೈಲು! ಒದ್ದೆ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಎರಡು ದಿನ ತಾಳೆ ನೋಡಿದೆವು. ಒಂದು ಬೋಟಿನವರಿಗೆ 11,400 ಎರಡು ಸಲ ಹೋಗಿತ್ತು. ಅವರೇ ಕರೆದು ವಾಪಸ್ ಕೊಟ್ಟರು, ಅದು ಅವರ ದೊಡ್ಡತನ. ಲಾಕ್ ಇದೆ ಎಂದರೆ ಒಳಗೆ ಯಾರದೋ ಕೆಲಸ ಇರಬಹುದು. ಮೊದಲು ಆ ಮಷೀನ್ ಹತ್ತಿರ ಹೋಗಿ ನೋಡಿ.

ಕಾರವಾರ, ಲೆಕ್ಕಪತ್ರ ಕಚೇರಿ:
ಎದ್ದು ಹೋಗಿ ನೋಡಿದೆ ಎಂದೇ ಬರೆದಿದ್ದೇನೆ. ಪೂರ್ತಿ ಓದಿ. ಸೇವ್ ಮಾಡದೆ ಎದ್ದು ಹೋದದ್ದು ನಿಮ್ಮ ಹುಡುಗನ ತಪ್ಪು.

ಹೊನ್ನಾವರ, ಮೀನು ವ್ಯಾಪಾರ:
ಅವನನ್ನು ಇದಕ್ಕೆ ಎಳೆಯಬೇಡಿ. ಬೆಳಗಿನ ನಾಲ್ಕಕ್ಕೆ ಬಂದರಿನಲ್ಲಿ ನಿಂತು ತೂಕ ಬರೆದವನು. ಕೇಳದೆ ಕ್ಲೋಸ್ ಕೊಟ್ಟವನು ನಾನು, ತಪ್ಪು ನನ್ನದು. ಅದಕ್ಕೇ ಹೇಳುತ್ತಿದ್ದೇನೆ.

ಕುಮಟಾ, ಹಾರ್ಡ್‌ವೇರ್ ಅಂಗಡಿ:
ನಾವು 42,000 ಕೊಟ್ಟು ಎರಡು ಡಿಸ್ಕಿನ ನ್ಯಾಸ್ ತಂದೆವು, ಅಂದರೆ ನೆಟ್‌ವರ್ಕಿನಲ್ಲಿ ಫೈಲು ಇಡುವುದಕ್ಕೇ ಇರುವ ಡಬ್ಬ. ಬಿಲ್ಲಿಂಗ್ ಹಳೆಯ ಆಕ್ಸೆಸ್ ಡೇಟಾಬೇಸಿನಲ್ಲಿದೆ. ಹೊಸ ಡಬ್ಬಕ್ಕೆ ಹಾಕಿದ ಮೇಲೂ ಅದೇ ಲಾಕ್. ಮೂರು ವಾರ ನಿದ್ದೆಯಿಲ್ಲ. ಆಕ್ಸೆಸ್ ತೆರೆದಾಗ ಪಕ್ಕದಲ್ಲೇ ಎಲ್‌ಡಿಬಿ ಎಂಬ ಲಾಕ್ ಫೈಲು ಹುಟ್ಟುತ್ತದೆ, ಕೊನೆಯವನು ಹೊರಗೆ ಬಂದಾಗ ಅಳಿಯಬೇಕು. ಹಿಂದೆ ಒಬ್ಬ ಬಿಲ್ಲು ಅಳಿಸಿದ್ದ ಎಂಬ ಸಿಟ್ಟಿಗೆ ನಾನು ಎಲ್ಲರ ಡಿಲೀಟ್ ಅನುಮತಿ ತೆಗೆದಿದ್ದೆ. ಲಾಕ್ ಫೈಲು ಅಳಿಯುವುದಾದರೂ ಹೇಗೆ? ಅನುಮತಿ ವಾಪಸ್ ಕೊಟ್ಟೆ, ಸರಿಯಾಯಿತು. ಆದರೂ ನ್ಯಾಸ್ ತಂದದ್ದಕ್ಕೆ ಬೇಜಾರಿಲ್ಲ. ಸಾದಾ ವಿಂಡೋಸ್ ಮಷೀನಿಗೆ ಒಂದೇ ಸಲಕ್ಕೆ 20 ಸಂಪರ್ಕ ಮಾತ್ರ. ನಮಗೆ ಗೋದಾಮು ಸೇರಿ ಜಾಸ್ತಿ ಬೇಕಿತ್ತು.

ಅಂಕೋಲಾ, ಪ್ರಿಂಟಿಂಗ್ ಪ್ರೆಸ್:
ಅಂದರೆ ಅನುಮತಿಯ ಒಂದು ಟಿಕ್ ಮಾರ್ಕಿಗೆ 42,000 ಕೊಟ್ಟಿರಿ. ನಾನು ಹಳೆ ಮಷೀನಿಗೆ ಲಿನಕ್ಸ್, ವಿಂಡೋಸ್ ಮಷೀನುಗಳಿಗೆ ಫೈಲು ಹಂಚುವ ಸಾಂಬಾ ಹಾಕಿ ಆರು ವರ್ಷ ನಡೆಸಿದ್ದೇನೆ. ಎಸ್‌ಎಂಬಿಸ್ಟೇಟಸ್ ಎಂದು ಹೊಡೆದರೆ ಯಾರು ಯಾವ ಫೈಲು ಹಿಡಿದಿದ್ದಾರೆ ಎಲ್ಲಾ ಬರುತ್ತದೆ. ನನ್ನ ತೊಂದರೆ ಬೇರೆ ಕಡೆ ಇತ್ತು. ಆಪ್‌ಲಾಕ್ ಎಂದು ಒಂದಿದೆ. ಫೈಲನ್ನು ಮೊದಲು ತೆರೆದ ಮಷೀನು ಬರೆದದ್ದನ್ನು ತನ್ನಲ್ಲೇ ಇಟ್ಟುಕೊಳ್ಳಲು ಸರ್ವರ್ ಒಪ್ಪಿರುತ್ತದೆ. ಎರಡನೆಯವನು ಕೇಳಿದಾಗ ‘ಇನ್ನು ಬಿಡು’ ಎಂದು ಮೊದಲನೆಯವನಿಗೆ ಹೇಳಿ ಉತ್ತರಕ್ಕೆ ಕಾಯುತ್ತದೆ. ಉತ್ತರ ಬರದಿದ್ದರೆ ಎರಡನೆಯವನ ಪರದೆ ಅರ್ಧ ನಿಮಿಷದಷ್ಟು ಹೊತ್ತು ನಿಂತೇಬಿಡುತ್ತದೆ. ಯಾಕೆ ಉತ್ತರ ಬರುತ್ತಿಲ್ಲ ಎಂದು ಕೇಬಲ್ ಕಿತ್ತು ನೋಡಿದರೆ, ಸಮುದ್ರದ ಉಪ್ಪುಗಾಳಿಗೆ ಎಲ್ಲ ಮಷೀನಿನ ಕೇಬಲ್ ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟಿನಲ್ಲಿ ಹಿತ್ತಾಳೆ ಪಾತ್ರೆಯ ಕಿಲುಬಿನಂತೆ ಹಸಿರು. ಎಂಟು ಪೋರ್ಟಿನ ಹೊಸ ಸ್ವಿಚ್, 1,650 ರೂಪಾಯಿ. ಮುಗಿಯಿತು.

ಕುಮಟಾ, ಹಾರ್ಡ್‌ವೇರ್ ಅಂಗಡಿ:
ನಿಮ್ಮ ಹಳೆ ಮಷೀನಿನ ಡಿಸ್ಕ್ ನಾಳೆ ಸತ್ತರೆ? ನನ್ನಲ್ಲಿ ಒಂದು ಹೋದರೂ ಇನ್ನೊಂದು ಇದೆ. ನೀವು ಒಂದು ವಾರ ಊರಲ್ಲಿಲ್ಲದಿದ್ದರೆ ಆ ಲಿನಕ್ಸ್ ನೋಡುವವರು ಯಾರು?

ಯಲ್ಲಾಪುರ, ಟ್ರಾವೆಲ್ಸ್:
ಯಾಕೆ ಜಗಳ ಮಾರಾಯರೇ, ಒನ್‌ಡ್ರೈವಿಗೆ ಹಾಕಿ. ಅಲ್ಲಿ ನಾಲ್ಕು ಜನ ಒಂದೇ ಎಕ್ಸೆಲ್ಲಿನಲ್ಲಿ ಒಟ್ಟಿಗೆ ಬರೆಯಬಹುದು. ಸಾದಾ ಶೇರ್ ಫೋಲ್ಡರಿನಲ್ಲಿ ಆ ಸೌಕರ್ಯ ಇಲ್ಲ. ನಾವು ಎರಡು ವರ್ಷದಿಂದ ಆರಾಮಾಗಿದ್ದೇವೆ.

ಅಂಕೋಲಾ, ಪ್ರಿಂಟಿಂಗ್ ಪ್ರೆಸ್:
ಮಳೆಗಾಲದಲ್ಲಿ ಫೈಬರ್ ಮೇಲೆ ಮರ ಬಿದ್ದಾಗಲೂ ಆರಾಮಾ?

ಯಲ್ಲಾಪುರ, ಟ್ರಾವೆಲ್ಸ್:
ಹೋದ ವರ್ಷ ಮೂರು ದಿನ ನೆಟ್ ಇರಲಿಲ್ಲ, ಸುಳ್ಳು ಹೇಳುವುದಿಲ್ಲ. ಮೊಬೈಲಿನಲ್ಲಿ ನಡೆಸಿದೆವು. ಕರೆಂಟ್ ಹೋದರೆ ನಿಮ್ಮ ಸರ್ವರೂ ಸಾಯುತ್ತದೆ, ಅಲ್ವಾ?

ಅಂಕೋಲಾ, ಪ್ರಿಂಟಿಂಗ್ ಪ್ರೆಸ್:
ಯುಪಿಎಸ್ ಇದೆ. ಸರ್ವರಿಗೆ ಮಾತ್ರ ಅಲ್ಲ, ಸ್ವಿಚ್ಚಿಗೂ ಕೊಟ್ಟಿದ್ದೇನೆ. ಬಹಳ ಕಡೆ ಅದನ್ನೇ ಬಿಡುತ್ತಾರೆ. ಸ್ವಿಚ್ ಆರಿದ ಕೂಡಲೇ ಎಲ್ಲರ ಫೈಲೂ ಅರ್ಧಕ್ಕೆ ನಿಲ್ಲುತ್ತದೆ.

ಶಿರಸಿ, ಅಡಿಕೆ ಅಂಗಡಿ:
ಎಲ್ಲರಿಗೂ ಧನ್ಯವಾದ. ಇವತ್ತು ಮತ್ತೆ ಊಟಕ್ಕೆ ಹೋದ ಹುಡುಗನ ಹೆಸರೇ ಬಂತು. ಕ್ಲೋಸ್ ಕೊಡಲು ಹೊರಟವನು ಹೊನ್ನಾವರದ ಅಣ್ಣ ಬರೆದದ್ದು ನೆನಪಾಗಿ ಫೋನ್ ಮಾಡಿದೆ. ಊಟ ಮುಗಿಸಿ ಬಂದ. ಅವನದು ಲ್ಯಾಪ್‌ಟಾಪ್, ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿ ಮನೆಗೆ ಒಯ್ಯುತ್ತಿದ್ದ. ತೆರೆದರೆ ಚಾಲಿಯ ಶೀಟು ಹಾಗೇ ಇದೆ. 23 ಲಾಟು ಸೇವ್ ಆಗಿಲ್ಲ. ಸರ್ವರಿನ ಕಡೆ ಅದು ಇನ್ನೂ ತೆರೆದ ಫೈಲೇ.

ಹೊನ್ನಾವರ, ಮೀನು ವ್ಯಾಪಾರ:
ಆ 23 ಲಾಟು ಉಳಿಯಿತಾ ತಮ್ಮಾ? ಅದೊಂದು ಹೇಳು.

ಶಿರಸಿ, ಅಡಿಕೆ ಅಂಗಡಿ:
ಉಳಿಯಿತು ಅಣ್ಣ. ತೂಕದ ಚೀಟಿ ಇಟ್ಟುಕೊಂಡು ಎರಡು ಸಲ ನೋಡಿದೆ.

ಕುಮಟಾ, ಹಾರ್ಡ್‌ವೇರ್ ಅಂಗಡಿ:
ಅಂಕೋಲಾದವರೇ, ಎಂಟು ಪೋರ್ಟಿನ ಸ್ವಿಚ್ 1,650 ಎಂದಿರಿ. ನನಗೆ 2,100 ಹಾಕಿದ್ದಾರೆ. ನಿಮ್ಮದು ಗಿಗಾಬಿಟ್ಟೇ ಹೌದಾ, ನೋಡಿ ಹೇಳಿ.