ಅಪ್‌ಡೇಟ್: ನಾಲ್ಕು ಜನ ಸೇರಿ ಕ್ಯಾಟಮರಾನ್ ತಗೊಳ್ಳೋ ವಿಚಾರ

ಹೋದ ತಿಂಗಳು ಕೇಳಿದ್ನಲ್ಲ, ಮೈಸೂರಿನ ನಾವು ನಾಲ್ಕು ಜನ ಸೇರಿ ಕೊಚ್ಚಿಲಿ ಇಡೋಕೆ ಹಳೇ ಕ್ಯಾಟಮರಾನ್, ಅಂದ್ರೆ ಎರಡು ತಳ ಜೋಡ್ಸಿರೋ ಬೋಟು, ತಗೊಂಡ್ರೆ ಖರ್ಚು ಹೆಂಗೆ ಹಂಚ್ಕೊಳ್ಳೋದು ಅಂತ, ಕೊನೆಗೂ ಬಗೆಹರೀತು. ಮರೀನಾ (ಬೋಟು ನಿಲ್ಸೋ ಜಾಗ) ಬಾಡಿಗೆ, ಇನ್ಶೂರೆನ್ಸು, ತಳಕ್ಕೆ ಪಾಚಿ ಚಿಪ್ಪು ಹಿಡೀದಂಗೆ ಹೊಡ್ಸೋ ಪೇಂಟು ಇವೆಲ್ಲ ಬೋಟು ಹೊರಟ್ರೂ ನಿಂತ್ರೂ ಬರೋ ಖರ್ಚು, ಮಳೆಗಾಲದಲ್ಲಿ ಸುಮ್ನೆ ಕಟ್ಟಾಕಿದ್ರೂ ತಪ್ಪಲ್ಲ, ಅದಕ್ಕೆ ಸಮಪಾಲು. ಡೀಸೆಲ್ಲು ಓಡ್ಸಿದೋರ್ದು. ನಾವು ಲೆಕ್ಕಕ್ಕೇ ಹಿಡೀದೆ ಇದ್ದಿದ್ದು ಅಂದ್ರೆ ಇದಕ್ಕೆ ತಳ ಎರಡು, ಇಂಜಿನ್ನೂ ಎರಡು, ಸರ್ವೀಸು ಡಬಲ್ಲು, ಅಗಲ ಜಾಸ್ತಿ ಅಂತ ನಿಲ್ಸೋ ಜಾಗಕ್ಕೂ ದುಡ್ಡು ಜಾಸ್ತಿ. ನನಗೆ ನಿಜವಾಗ್ಲೂ ನಿದ್ದೆ ಕೆಡ್ಸಿದ್ದು ಯಾರಾದ್ರೂ ಅರ್ಧಕ್ಕೆ ಬಿಟ್ರೆ ಏನ್ಮಾಡೋದು ಅನ್ನೋದು. ಬಿಡೋರು ತಮ್ಮ ಪಾಲನ್ನ ತಗೊಳ್ತೀರಾ ಅಂತ ಮೊದ್ಲು ಉಳಿದ ಮೂವರನ್ನೇ ಕೇಳ್ಬೇಕು ಅಂತ ಸ್ಟಾಂಪ್ ಪೇಪರ್ ಮೇಲೆ ಬರ್ಸಿದೀವಿ. ದಸರಾ ರಜಕ್ಕೆ ನಾಲ್ಕೂ ಮನೆಯೋರಿಗೂ ಬೋಟು ಬೇಕಂತೆ, ಅದಕ್ಕೆ ಚೀಟಿ ಎತ್ತೋದೇ.