ಹಳೇ ಗೇಮ್ ಆಡ್ಲಿಕ್ಕೆ ಕೈಯಲ್ಲಿ ಹಿಡಿಯುವ ಸೆಟ್ ಯಾವುದು ತಗೊಳ್ಳುದು?

ಸುರತ್ಕಲ್ ಸ್ಟಾರ್ಟ್‌ಬಟನ್: ಬಜೆಟ್ 6,000. ನಿಂಟೆಂಡೊದ ಗೇಮ್‌ಬಾಯ್ ಅಡ್ವಾನ್ಸ್, ಪಿಎಸ್‌1 (ಸೋನಿಯ ಮೊದಲ ಪ್ಲೇಸ್ಟೇಷನ್), ಇವೆರಡರ ಗೇಮ್ ನಡೆದ್ರೆ ಸಾಕು, ಬೆಂಗಳೂರು ರಾತ್ರಿ ಬಸ್ಸಿಗೆ. ಮಿಯೂ ಮಿನಿ ಪ್ಲಸ್, ಆನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್ ಎಚ್, ಆರ್‌ಜಿ34ಎಕ್ಸ್‌ಎಕ್ಸ್, ಈ ಮೂರರಲ್ಲಿ ಯಾವುದು? ಬಳಸಿದವರು ಹೇಳಿ.

ಕೊಡಿಯಾಲ್ ಪಿಕ್ಸೆಲ್: 34 ಬಿಟ್ಟು ಬೇರೆ ಮಾತೇ ಇಲ್ಲ. ಅಡ್ವಾನ್ಸಿನ ಚಿತ್ರ 240×160 ಪಿಕ್ಸೆಲ್, ಇದರ ಪರದೆ 720×480. ಸರಿಯಾಗಿ ಮೂರು ಪಟ್ಟು. ಉಳಿದೆರಡೂ 640×480. ಅದರಲ್ಲಿ ಎರಡು ಪಟ್ಟು ಮಾಡಿದ್ರೆ ಸುತ್ತ ಕಪ್ಪು ಚೌಕಟ್ಟು. ಅಗಲ ತುಂಬಿಸಿದ್ರೆ 2.67 ಪಟ್ಟು, ಅಕ್ಷರದ ಒಂದು ಗೆರೆ ದಪ್ಪ, ಇನ್ನೊಂದು ಸಪೂರ.

ಮಲ್ಪೆ ಮೆಮೊರಿಕಾರ್ಡ್: ಪಿಎಸ್‌1 ಕೂಡ ಕೇಳಿದ್ದಾರಲ್ಲ ಮಾರಾಯ್ರೆ, ಅದರ ಚಿತ್ರದ ಅಗಲ-ಎತ್ತರ 4:3. ನಿಮ್ಮ 34ರಲ್ಲಿ ಎರಡೂ ಬದಿ 40 ಪಿಕ್ಸೆಲ್ ಖಾಲಿ, 3.4 ಇಂಚು ಹೋಗಿ 3.1 ಆಗ್ತದೆ. ಪರದೆಗಿಂತ ಮೊದಲು ಮೆಮೊರಿ ಕಾರ್ಡ್ ನೋಡಿ. ಡಬ್ಬದಲ್ಲಿ ಬರುವ ಹೆಸರಿಲ್ಲದ ಕಾರ್ಡನ್ನು ನಂಬಿದ್ರೆ 30 ಗಂಟೆಯ ಸೇವ್ ಒಂದೇ ದಿನದಲ್ಲಿ ಹೋಗ್ತದೆ. ಮೊದಲ ದಿನವೇ ಅದರ ಪೂರ್ತಿ ಇಮೇಜ್ (ಇಡೀ ಕಾರ್ಡಿನ ನಕಲು) ಕಂಪ್ಯೂಟರಿಗೆ ತೆಗೆದಿಡಿ, ಒಳ್ಳೆ 64 ಜಿಬಿ ಕಾರ್ಡ್ ಹಾಕಿ. ಮಿಯೂಗೆ ಆನಿಯನ್ ಅನ್ನುವ ಬೇರೆ ಸಾಫ್ಟ್‌ವೇರ್ ಹಾಕುವವರು ಕಾರ್ಡನ್ನು ಫ್ಯಾಟ್32 ಫಾರ್ಮ್ಯಾಟ್ ಮಾಡ್ಬೇಕು. ವಿಂಡೋಸ್ ಫಾರ್ಮ್ಯಾಟ್ ಕಿಟಕಿಯಲ್ಲಿ 64ಕ್ಕೆ ಎಕ್ಸ್‌ಫ್ಯಾಟ್ ಮಾತ್ರ ಕಾಣಿಸಿದ್ರೆ ರೂಫಸ್ ಅನ್ನುವ ಪ್ರೋಗ್ರಾಮಿನಲ್ಲಿ ಮಾಡಿ. ಪಿಎಸ್‌1 ಡಿಸ್ಕಿನ ಫೈಲನ್ನು ಸಿಎಚ್‌ಡಿ (ಒತ್ತಿ ಸಣ್ಣ ಮಾಡಿದ ಫೈಲ್) ಮಾಡಿದ್ರೆ ಜಾಗ ಉಳೀತದೆ. ಮೂರು ಡಿಸ್ಕಿನ ಗೇಮಿಗೆ ಒಂದು ಎಂ3ಯು ಫೈಲ್ (ಡಿಸ್ಕುಗಳ ಹೆಸರಿನ ಪಟ್ಟಿ) ಬರೀರಿ, ಇಲ್ಲದಿದ್ರೆ ಎರಡನೇ ಡಿಸ್ಕಿಗೆ ಹೋಗುವಾಗ ಮೊದಲನೆಯ ಸೇವ್ ಸಿಗುದಿಲ್ಲ.

ಉಡುಪಿ 3000: ಇದೆಲ್ಲ ಎಂತಕ್ಕೆ? ಸೋನಿಯ ಕೈಯಲ್ಲಿ ಹಿಡಿಯುವ ಹಳೇ ಸೆಟ್ ಪಿಎಸ್‌ಪಿ-3000 ತಗೊಳ್ಳಿ. ಪಿಎಸ್‌1 ನಡೆಸುವ ಸಾಫ್ಟ್‌ವೇರ್ ಸೋನಿಯದ್ದೇ ಒಳಗುಂಟು. ಹಿಂದಿನ ಮುಚ್ಚಳ ಎದ್ದಿದ್ರೆ ಮಾತ್ರ ಬೇಡ, ಬ್ಯಾಟರಿ ಉಬ್ಬಿದೆ ಅಂತ ಅರ್ಥ.

ಕೊಡಿಯಾಲ್ ಪಿಕ್ಸೆಲ್: 272 ಸಾಲಿನ ಪರದೆಯಲ್ಲಿ ಅಡ್ವಾನ್ಸ್ 1.7 ಪಟ್ಟು! ಹಂಡೆ ಒಲೆಯ ಹೊಗೆಯಲ್ಲಿ ಆಡಿದ ಹಾಗೆ.

ಉಡುಪಿ 3000: ಬಸ್ಸಲ್ಲಿ ಆಡುವವ ಭೂತಗನ್ನಡಿ ಹಿಡ್ಕೊಂಡು ಕೂರುದಿಲ್ಲ.

ಬಂದರು ಬಿಲ್ಲು: ದುಡ್ಡಿನ ಲೆಕ್ಕ ಯಾರೂ ಹೇಳ್ಲಿಲ್ಲ. ಚೀನಾದಿಂದ ತರಿಸುವ ಅಲಿಎಕ್ಸ್‌ಪ್ರೆಸ್ ಆ್ಯಪ್ ನಮ್ಮಲ್ಲಿ 2020ರ ನವೆಂಬರಿನಲ್ಲೇ ಬಂದ್. ಬೇರೆ ದಾರಿಯಲ್ಲಿ 2024ರಲ್ಲಿ ಬಂದ ಪಾರ್ಸೆಲ್: ಸಾಗಾಟ ಸೇರಿ 5,000, ಮೂಲ ಸುಂಕ 35% ಅಂದ್ರೆ 1,750, ಅದರ ಮೇಲೆ 10% ಸರ್‌ಚಾರ್ಜ್ 175, ಒಟ್ಟು 6,925ಕ್ಕೆ 28% ಜಿಎಸ್‌ಟಿ 1,939. ಆಯ್ತಲ್ಲ 8,864! ಕೊರಿಯರಿನವರ ಶುಲ್ಕ ಬೇರೆ. ಆಮೇಲೆ ಸುಂಕದ ದರ ಇಳೀತು, ಹೋದ ದುಡ್ಡು ಬರ್ಲಿಲ್ಲ.

ಮಲ್ಪೆ ಮೆಮೊರಿಕಾರ್ಡ್: ಅದಕ್ಕೇ ಇಲ್ಲಿಯೇ ಮಾರುವವರ ಹತ್ರ ತಗೊಳ್ಳಿ ಅಂದದ್ದು.

ಬಂದರು ಬಿಲ್ಲು: ನೀವು ಯಾವಾಗ ಅಂದದ್ದು? ಮೇಲೆ ಹೋಗಿ ಓದಿ.

ಕಾಪು ಕಾಂಟ್ಯಾಕ್ಟ್: ಎರಡೂ ತುದಿ ಯುಎಸ್‌ಬಿ-ಸಿ ಇರುವ ಕೇಬಲಿನಲ್ಲಿ ಚಾರ್ಜ್ ಆಗದಿದ್ರೆ ಗಾಬರಿ ಬೇಡ. ಅಗ್ಗದ ಕೆಲವು ಬೋರ್ಡುಗಳಲ್ಲಿ ಸಿಸಿ ಪಿನ್ನಿನ (ಆಚೆ ಬದಿ ಎಂತ ಸಿಕ್ಕಿಸಿದ್ದಾರೆ ಅಂತ ಚಾರ್ಜರಿಗೆ ತಿಳಿಸುವ ಪಿನ್) 5.1 ಕಿಲೋಓಮ್ ರೆಸಿಸ್ಟರ್ ಇರುದಿಲ್ಲ, ಹಾಗಾಗಿ ಚಾರ್ಜರ್ ಕರೆಂಟೇ ಬಿಡುದಿಲ್ಲ. ಎ-ಇಂದ-ಸಿ ಕೇಬಲ್, ಹಳೇ 5 ವೋಲ್ಟ್ ಚಾರ್ಜರ್ ಸಾಕು. ನಮ್ಮೂರಿಗೆ ದೊಡ್ಡ ಶತ್ರು ಉಪ್ಪುಗಾಳಿ. ಮಳೆಗಾಲದಲ್ಲಿ ಬಟನ್ ಹಿಡಿಯದಿದ್ರೆ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೀರಿ, ಬೋರ್ಡಿನ ಕಾಂಟ್ಯಾಕ್ಟನ್ನು 99% ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ರಬ್ಬರಿನ ಕಪ್ಪು ಗುಂಡಿ ಉಜ್ಜಬೇಡಿ, ಕಾರ್ಬನ್ ಎದ್ದು ಹೋಗ್ತದೆ.

ಉಡುಪಿ 3000: ಅಷ್ಟೆಲ್ಲ ಬೇಡ, ಒಂದು ರಾತ್ರಿ ಅಕ್ಕಿ ಡಬ್ಬದಲ್ಲಿಡಿ.

ಕಾಪು ಕಾಂಟ್ಯಾಕ್ಟ್: ಅಕ್ಕಿ ಹುಡಿ ಚಾರ್ಜಿಂಗ್ ತೂತಿಗೆ ಹೋದ್ರೆ ನೀವು ಬಂದು ತೆಗೀತೀರಾ?

ಉಡುಪಿ 3000: ಕುಚ್ಚಲಕ್ಕಿಯಲ್ಲಿ ಹುಡಿ ಕಮ್ಮಿ.

ಸುರತ್ಕಲ್ ಸ್ಟಾರ್ಟ್‌ಬಟನ್: ಅಣ್ಣ, 34 ತಗೊಳ್ಳುದಾ 35 ತಗೊಳ್ಳುದಾ?

ಕಾಪು ಕಾಂಟ್ಯಾಕ್ಟ್: ಕುಚ್ಚಲಕ್ಕಿ ಆಗ್ಲಿ ಬೆಳ್ತಿಗೆ ಆಗ್ಲಿ, ಉಪ್ಪು ಹೀರುದಿಲ್ಲ! ಗಾಳಿಯಾಡದ ಡಬ್ಬ, ಅದರಲ್ಲಿ ನೀಲಿ ಸಿಲಿಕಾ ಜೆಲ್. ಗುಲಾಬಿ ಆದ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ. ಅಡುಗೆಯ ಬಾಣಲೆ ಮಾತ್ರ ತಗೊಳ್ಬೇಡಿ.